ಹದಿನಾಲ್ಕನೇ ಕೋಣೆಯ ಹಾಜರಿ

ಬೆಂಚಿಗೂ ಡೆಸ್ಕಿಗೂ ನಡುವೆ ಹೊಟ್ಟೆ ಸಿಕ್ಕಿಕೊಂಡರೆ ಏನು ಮಾಡಬೇಕೆಂದು ಬ್ಯಾಂಕಿನ ಯಾವ ಸುತ್ತೋಲೆಯಲ್ಲೂ ಬರೆದಿರಲಿಲ್ಲ. ಸುಧಾಕರ ಮುಳಗುಂದ ಎರಡು ಸಲ ಏಳಲು ನೋಡಿದರು. ಮೊದಲ ಸಲ ಬೆಂಚೂ ಅವರ ಜೊತೆಗೇ ಎದ್ದಿತು. ಎರಡನೆಯ ಸಲ ಅಂಗಿಯ ಗುಂಡಿಯೊಂದು ಹಾರಿ ಕರಿಹಲಗೆಯ ಬುಡಕ್ಕೆ ಹೋಗಿ ಬಿತ್ತು. ಹಲಗೆಯ ಮುಂದೆ ನಿಂತಿದ್ದ ಹೆಂಗಸು ಅದನ್ನು ಎತ್ತಿ, ಸೆರಗಿಗೆ ಒರೆಸಿ, ಮೇಜಿನ ಮೇಲಿಟ್ಟರು.

“ಪಾಠ ಮುಗಿದ ಮ್ಯಾಲ ತಗೋರಿ,” ಅಂದರು. “ಇನ್ನಾ ಇಪ್ಪತ್ತು ಮಿನಿಟ್ ಅದ.”

ಇದು ಎರಡು ಸಾವಿರದ ಹತ್ತರ ಜುಲೈ ತಿಂಗಳು. ಈಗ ಛತ್ರಪತಿ ಸಂಭಾಜಿನಗರವಾಗಿರುವ ಊರು ಆಗಿನ್ನೂ ಔರಂಗಾಬಾದ್. ಗದಗಿನ ಕಡೆಯ ಸುಧಾಕರರಿಗೆ ನಾಶಿಕದ ಸಾತಪುರ ಶಾಖೆಯಿಂದ ವಾಳೂಜ್ ಶಾಖೆಗೆ ವರ್ಗವಾಗಿ ತಿಂಗಳಾಗಿತ್ತು. ಮಗಳು ಅಕ್ಷಿತಾ ಹನ್ನೆರಡನೆಯ ತರಗತಿ, ವಿಜ್ಞಾನ. ಹೆಸರು ಈ ಕಾಲೇಜಿನಲ್ಲಿ; ಓದು ಊರಾಚೆಯ ಕೋಚಿಂಗಿನಲ್ಲಿ. ನಾಶಿಕದಲ್ಲೂ ಅದೇ ಕೋಚಿಂಗಿನ ಶಾಖೆಯಲ್ಲಿ ಒಂದು ವರ್ಷ ಕಳೆದಿದ್ದಳು. ಅದು ಬ್ಯಾಂಕಿನಂತೆಯೇ: ಅಪ್ಪನಿಗೆ ವರ್ಗವಾದರೆ ಮಗಳಿಗೂ ವರ್ಗ.

ಅಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಿದ್ದರು. ಮಕ್ಕಳು ಕಾಲೇಜಿನ ಮುಖ ನೋಡುವುದು ಪ್ರಾಕ್ಟಿಕಲ್ ದಿನ ಮಾತ್ರ. ಹಾಜರಿ ಎಪ್ಪತ್ತೈದು ಪ್ರತಿಶತ ಬೇಕೆಂಬ ನಿಯಮ ನೋಟೀಸು ಬೋರ್ಡಿನ ಗಾಜಿನೊಳಗೆ ಸುಖವಾಗಿತ್ತು. ಯಾವ ತಂದೆಯೂ ಅದರ ಬಗ್ಗೆ ತಲೆ ಕೆಡಿಸಿಕೊಂಡಿರಲಿಲ್ಲ. ಆದರೆ ಸುಧಾಕರರು ಬ್ಯಾಂಕಿನವರು. ಮಗಳು ಕಾಲೇಜಿಗೆ ಬಾರದೆ ಇರಲು ಲಿಖಿತ ಅನುಮತಿ ಬೇಕೆಂದು ಮೂರು ಪ್ರತಿಯಲ್ಲಿ ಅರ್ಜಿ ಬರೆದುಕೊಂಡು ಸಹಿಗಾಗಿ ಹೊರಟರು. ತನ್ನ ಇಪ್ಪತ್ನಾಲ್ಕು ವರ್ಷದ ನೌಕರಿಯಲ್ಲಿ ಹೀಗೆ ಬಂದ ಮೊದಲ ಪಾಲಕರು ಅವರೇ ಎಂದು ಜವಾನ ದತ್ತು ಆಮೇಲೆ ಹೇಳಿದ.

ಗಣಿತದ ಮನೋರಮಾ ಬಿರಾದಾರ ಹದಿನಾಲ್ಕನೇ ಕೋಣೆಯಲ್ಲಿದ್ದರು. ಖಾಲಿ ಕೋಣೆ. ಅವರು ರಿಜಿಸ್ಟರ್ ತೆರೆದು ಒಂದೊಂದೇ ಹೆಸರು ಕೂಗುತ್ತಿದ್ದರು. ಪ್ರತಿ ಹೆಸರಿನ ನಂತರ, ಯಾರಾದರೂ ‘ಎಸ್ ಮ್ಯಾಡಂ’ ಅನ್ನಬಹುದೇನೋ ಎಂಬಂತೆ, ತಲೆಯೆತ್ತಿ ನೋಡುತ್ತಿದ್ದರು. ಆಮೇಲೆ ಕೆಂಪು ಶಾಯಿಯಲ್ಲಿ ಒಂದು ಗೀಟು. ಎಂಬತ್ತನಾಲ್ಕು ಹೆಸರು, ಎಂಬತ್ತನಾಲ್ಕು ಗೀಟು. ಸುಧಾಕರರು ಬಾಗಿಲಲ್ಲಿ ಕೆಮ್ಮಿದರು.

“ಯಾರು ನೀವು?” ಎಂದರು ಮರಾಠಿಯಲ್ಲಿ.

“ಅಕ್ಷಿತಾ ಮುಳಗುಂದ ಅಂತ... ಅಕಿ ತಂದೀರಿ.” ಗಡಿಬಿಡಿಯಲ್ಲಿ ಸುಧಾಕರರ ಬಾಯಿಗೆ ಕನ್ನಡವೇ ಬಂತು; ಮನೋರಮಾ ಕೂಡ ಕನ್ನಡಕ್ಕೇ ಹೊರಳಿದರು.

“ಐವತ್ತೇಳನೇ ನಂಬರ್. ಆಕಿ ಬಂದಾಳೇನು?”

“ಇಲ್ರಿ ಮೇಡಂ, ಅಕಿ ಕೋಚಿಂಗಿಗೆ...”

“ಹಂಗಾರ ನೀವೇ ಕೂಡ್ರಿ. ಪಾಠ ಮುಗಿಲಿ, ಮಾತಾಡಮಿ.”

ಹೀಗೆ ಅವರು ಕುಳಿತದ್ದು, ಹೀಗೆ ಸಿಕ್ಕಿಬಿದ್ದದ್ದು. ಪಾಠ ಒಂದು ಏಣಿಯದು. ಗೋಡೆಗೆ ಆನಿಸಿದ ಏಣಿ ಜಾರುತ್ತಿದೆ. ಬುಡ ಇಷ್ಟು ವೇಗದಲ್ಲಿ ಹಿಂದೆ ಸರಿದರೆ ತುದಿ ಎಷ್ಟು ವೇಗದಲ್ಲಿ ಕೆಳಗಿಳಿಯುತ್ತದೆ? ಕಾಮರ್ಸ್ ಓದಿದ ಸುಧಾಕರರಿಗೆ ಗಾಬರಿಯಾಯಿತು.

“ಮೇಡಂ, ಏಣಿ ಮ್ಯಾಲ ಇದ್ದವನ ಗತಿ?”

“ಏಣಿ ಮ್ಯಾಲ ಯಾರೂ ಇಲ್ಲ. ಇದ್ರ ಪ್ರಶ್ನೀದಾಗ ಹೇಳ್ತಿದ್ರು.”

ಖಾಲಿ ಬೆಂಚುಗಳಿಗೂ ಒಬ್ಬ ಸಿಕ್ಕಿಬಿದ್ದ ಅಧಿಕಾರಿಗೂ ಅವರು ಒಂದು ಹೆಜ್ಜೆಯನ್ನೂ ಬಿಡದೆ, ತುಂಬಿದ ಕೋಣೆಗೆ ಹೇಳುವಷ್ಟೇ ದೊಡ್ಡ ದನಿಯಲ್ಲಿ ಪಾಠ ಮುಗಿಸಿದರು. ಗಂಟೆಯಾದ ಮೇಲೆ ದತ್ತು ಬಂದು, ಬೆಂಚನ್ನು ಹಿಂದಕ್ಕೆ ಓರೆ ಮಾಡಿ, ಮೂಟೆ ಇಳಿಸುವಂತೆ ಅವರನ್ನು ಬಿಡಿಸಿದ. ಮನೋರಮಾ ಗುಂಡಿ ಕೊಟ್ಟರು. ಅರ್ಜಿ ಓದಿದರು. ಸಹಿ ಕೊಡಲಿಲ್ಲ.

“ಬರದೆ ಇದ್ದವ್ರು ಬಂದಿಲ್ಲ ಅಂತ ಬರೀತೀನ್ರಿ. ಅದಕ್ಕ ಅನುಮತಿ ಯಾಕ ಬೇಕು?” ಎಂದು ಅದೇ ಅರ್ಜಿಯ ಹಿಂದೆ ಇನ್ನೊಂದು ಏಣಿಯ ಲೆಕ್ಕ ಬರೆದರು. “ಇದು ಮನಿಗೆಲಸ. ಮಾಡಿ ತೋರಸ್ರಿ.”

ಮನೋರಮಾ ಭಾಲ್ಕಿಯವರು. ಗಂಡ ಗೋವಿಂದ ವಾಳೂಜ್‌ನ ಕಾರ್ಖಾನೆಯೊಂದರಲ್ಲಿ ಪಾಳಿಯ ಮೇಲ್ವಿಚಾರಕ. ಮದುವೆಯಾಗಿ ಈ ಊರಿಗೆ ಬಂದ ವರ್ಷವೇ ಅವರು ಕಾಲೇಜು ಸೇರಿದರು. ಆಗ ಹದಿನಾಲ್ಕನೇ ಕೋಣೆಯಲ್ಲಿ ಕಿಟಕಿಯ ಕಟ್ಟೆಯ ಮೇಲೂ ಹುಡುಗರು ಕೂಡುತ್ತಿದ್ದರಂತೆ. ಆಮೇಲೆ ಊರಿನ ಗೋಡೆಗಳ ಮೇಲೆ ಕೋಚಿಂಗಿನ ಜಾಹೀರಾತು ಬೆಳೆದ ಹಾಗೆ ಕೋಣೆ ಬರಿದಾಯಿತು. ಒಮ್ಮೆ ಅಂಥದೇ ಒಂದು ಕೋಚಿಂಗಿನವರು ಇವರನ್ನೂ ಕರೆದುಕೊಂಡು ಹೋದರು. ಒಂಬತ್ತನೆಯ ದಿನ ಒಬ್ಬ ಹುಡುಗ “ತಿಳೀಲಿಲ್ಲ” ಅಂದನಂತೆ. ಇವರು ಮತ್ತೆ ಹೇಳಿದರು. ಮತ್ತೆ ತಿಳಿಯಲಿಲ್ಲ, ಮತ್ತೆ ಹೇಳಿದರು. ಆ ದಿನದ ಪಾಠ ಆ ದಿನ ಏಕೆ ಮುಗಿಯಲಿಲ್ಲವೆಂದು ಮೇಲಿನವರು ಕೇಳಿದ್ದಕ್ಕೆ, “ಹುಡುಗನ್ನ ಬಿಟ್ಟು ಪಾಠ ಒಂದೇ ಮುಂದ ಹೋಗಿ ಏನ್ ಮಾಡ್ತದ?” ಎಂದು ಚೀಲ ತಗಲಿಸಿಕೊಂಡು ಬಂದುಬಿಟ್ಟರು.

ಗೋವಿಂದ ಹೆಂಡತಿಯ ಬಗ್ಗೆ ಹೇಳುತ್ತಿದ್ದುದು ಒಂದೇ ಮಾತು: “ನಮ್ ಮಷೀನಾದ್ರ ಲೋಡ್ ಇಲ್ಲಂದ್ರ ಬಂದ್ ಆಗ್ತದ್ರಿ. ಇಕಿ ಆಗಲ್ಲ.”

ಬಾರದವರಿಗೂ ನೀಲಿ ಗೀಟು ಹಾಕಿ ಹಾಜರಿ ಕೊಟ್ಟುಬಿಡಿ ಎಂದು ಪ್ರಾಂಶುಪಾಲರು ಹಲವು ಸಲ ಹೇಳಿ ನೋಡಿದ್ದರು. ಫೆಬ್ರುವರಿ ಬಂತೆಂದರೆ ಆಫೀಸಿನಲ್ಲಿ ಕೆಂಪು ಗೀಟುಗಳು ಹೇಗೋ ನೀಲಿಯಾಗುತ್ತಿದ್ದವು. ಆದರೆ ಮನೋರಮಾ ಅವರ ಕೈಯಿಂದಲ್ಲ.

ಅರ್ಜಿಯನ್ನು ಸುಧಾಕರರು ಮಡಚಿ ಜೇಬಿಗಿಟ್ಟರು. ಲೆಕ್ಕ ಮಾಡಲಿಲ್ಲ. ಮಗಳು ಕೋಚಿಂಗಿಗೆ ಹೋಗುತ್ತಲೇ ಇದ್ದಳು.

ಸೆಪ್ಟೆಂಬರಿನ ಒಂದು ಭಾನುವಾರ ಹೆಂಡತಿ ಸುಗುಣಾ ಬಟ್ಟೆ ನೆನೆಹಾಕುವಾಗ ಮಗಳ ಜಾಕೀಟಿನಿಂದ ಪ್ಲಾಸ್ಟಿಕ್ಕಿನ ದುಂಡನೆಯ ಬಿಲ್ಲೆಗಳು ಉದುರಿದವು. ಒಂದೊಂದರ ಮೇಲೂ ಒಂದು ನಂಬರು. ಒಟ್ಟು ಹನ್ನೊಂದು.

“ಏನ್ರಿ ಇವು? ನಿಮ್ಮ ಬ್ಯಾಂಕಿನ ಟೋಕನ್ ಮನಿಗೆ ತಂದೀರೇನು?”

ಸುಧಾಕರರು ಬಿಲ್ಲೆಗಳನ್ನು ಎರಡು ಸಲ ಎಣಿಸಿದರು. ಹಿತ್ತಾಳೆಯ ಟೋಕನ್ನುಗಳ ಕಾಲದಲ್ಲಿ ಗುಮಾಸ್ತರಾಗಿ ಸೇರಿದವರು ಅವರು. ಸಂಜೆ ಒಂದು ಟೋಕನ್ ಕಡಿಮೆ ಬಿದ್ದರೆ ಶಾಖೆಯ ಬಾಗಿಲು ಹಾಕುವಂತಿರಲಿಲ್ಲ. ಟೋಕನ್ ಹಿಡಿದುಕೊಂಡೇ ಗಿರಾಕಿ ಮನೆಗೆ ಹೋದನೆಂದರೆ ಬಂದ ಕೆಲಸ ಆಗದೆ ಹೋದನೆಂದು ಅರ್ಥ.

ಮಗಳನ್ನು ಕರೆದು ಕೇಳಿದರು.

“ಡೌಟ್ ಕೌಂಟರ್‌ದು, ಪಪ್ಪಾ,” ಅಂದಳು ಅಕ್ಷಿತಾ. ಅವಳ ಕನ್ನಡ ಮರಾಠಿಯ ಕೈಹಿಡಿದೇ ನಡೆಯುತ್ತಿತ್ತು. “ಕ್ಲಾಸ್‌ನಾಗ ಡೌಟ್ ಕೇಳೂ ಹಂಗಿಲ್ಲ. ಟೋಕನ್ ತಗೊಂಡು ಲೈನ್‌ನಾಗ ನಿಲ್ಲಬೇಕು. ಸಾಡೇಸಾತ್‌ಕ್ಕ ಕೌಂಟರ್ ಬಂದ್, ಏಳೂವರಿ ಅಂದ್ರ ಬಂದ್. ನನ್ನ ನಂಬರ್ ಯೇತಚ್ ನಾಹಿ. ಬರೋದೇ ಇಲ್ಲ.”

“ಹಂಗಾರ ಟೋಕನ್ ವಾಪಸ್ ಕೊಟ್ಟು ಬರಬೇಕಿಲ್ಲೋ?”

“ವಾಪಸ್ ಹಾಕಿದ್ರ ಕಂಪ್ಯೂಟರ್‌ನಾಗ ‘ಡೌಟ್ ಕ್ಲಿಯರ್’ ಅಂತ ಬರ್ತದ. ಮಾಝಾ ಕ್ಲಿಯರ್ ಝಾಲಾಚ್ ನಾಹಿ ನಾ! ಆಗದೇ ಇದ್ದದ್ದು ಆಗ್ಯದ ಅಂತ ನಾ ಯಾಕ ಹೇಳ್ಲಿ? ಅದಕ್ಕ ಇಟ್ಕೊಂಡೆ.”

ಈ ಮಾತನ್ನು ಇತ್ತೀಚೆಗೆ ಎಲ್ಲೋ ಕೇಳಿದೆನಲ್ಲ ಎಂದು ಸುಧಾಕರರು ತಲೆ ಕೆರೆದುಕೊಂಡರು. ನೆನಪಾದೊಡನೆ ಅವರ ಕೈ, ತನಗೇ ತಿಳಿಯದಂತೆ, ಅಂಗಿಯ ಗುಂಡಿಯನ್ನು ಮುಟ್ಟಿ ನೋಡಿತು.

ಮರುದಿನ ಅಪ್ಪ ಮಗಳು ಹದಿನಾಲ್ಕನೇ ಕೋಣೆಗೆ ಹೋದರು. ಸುಧಾಕರರು ನಿಂತೇ ಇದ್ದರು. ಮನೋರಮಾ ಹಾಜರಿ ಕೂಗಿ, ಐವತ್ತೇಳಕ್ಕೆ ಬಂದಾಗ “ಎಸ್ ಮ್ಯಾಡಂ” ಕೇಳಿ, ನೀಲಿ ಪೆನ್ನಿಗಾಗಿ ಚೀಲವೆಲ್ಲ ಹುಡುಕಿದರು. ಆಮೇಲೆ ಹನ್ನೊಂದೂ ಬಿಲ್ಲೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡರು.

“ಒಂದನೇದು ಹೇಳು.”

ಗಂಟೆಯಾಗುವಷ್ಟರಲ್ಲಿ ನಾಲ್ಕು ಮುಗಿದಿದ್ದವು. ಮುಗಿದ ಬಿಲ್ಲೆಯನ್ನು ಅವಳೇ ಎತ್ತಿಕೊಳ್ಳಬೇಕು, ತಿಳಿಯದಿದ್ದರೆ ಮುಟ್ಟುವಂತಿಲ್ಲ. ಮೂರನೆಯದನ್ನು ಅಕ್ಷಿತಾ ಎರಡು ಸಲ ಎತ್ತಲು ಹೋಗಿ ಎರಡು ಸಲವೂ ಕೈ ಹಿಂದಕ್ಕೆ ತೆಗೆದಿದ್ದಳು.

ಹೊರಗೆ ಬಂದವಳೇ ಅಂದಳು: “ಪಪ್ಪಾ, ನಾ ಇಲ್ಲೇ ಬರ್ತೀನಿ.”

“ಎರಡೂ ಕಡೆ ಹೋಗವ್ವಾ.”

“ಎರಡೂದರ ಟೈಮ್ ಒಂದೇ ಅದ. ಇಲ್ಲೇ ಬರ್ತೀನಿ.”

ಸುಧಾಕರರಿಗೆ ಮೂರು ದಿನ ಊಟ ಸೇರಲಿಲ್ಲ. ಅಂದರೆ ನಾಲ್ಕನೆಯ ಚಪಾತಿ ಸೇರಲಿಲ್ಲ. ಮಗಳಿಗೆ ಬೇಕಾದದ್ದು ಒಂದೇ: ಊರಿನ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಒಂದು ಸೀಟು. ಅದು ತಪ್ಪಿದರೆ ಹೊಣೆ ಯಾರದು? ಬ್ಯಾಂಕಿನಲ್ಲಿ ಪಕ್ಕದ ಮೇಜಿನ ಸುಧೀರ ಸುದ್ದಿ ಕೇಳಿ ಪೆನ್ನು ಕೆಳಗಿಟ್ಟ. ಅವನ ಮಗ ಉತ್ಕರ್ಷ ಅದೇ ಕೋಚಿಂಗಿನ ಮೊದಲ ಬ್ಯಾಚಿನಲ್ಲಿದ್ದ. ಹೆಸರು ಮಾತ್ರ ಅಕ್ಷಿತಾಳ ಕಾಲೇಜಿನಲ್ಲಿ.

“ಮುಳಗುಂದಕರ ಸಾಹೇಬ,” ಅಂದ ಮರಾಠಿಯಲ್ಲಿ, “ಪ್ರಯೋಗ ಮಾಡುವುದಿದ್ದರೆ ಇಲಿಯ ಮೇಲೆ ಮಾಡಬೇಕು. ಒಬ್ಬಳೇ ಮಗಳ ಮೇಲಲ್ಲ.”

ಸುಧಾಕರರು ಅವನು ಕೆಳಗಿಟ್ಟ ಪೆನ್ನನ್ನು ಎತ್ತಿ ಅವನ ಕೈಗೇ ಕೊಟ್ಟರು.

ಗಣಿತವೊಂದೇ ಸಾಲದಲ್ಲ. ಮನೋರಮಾ ಅಧ್ಯಾಪಕರ ಕೋಣೆಗೆ ಹೋಗಿ, ಪೇಪರ್ ಓದುತ್ತಿದ್ದ ಭೌತಶಾಸ್ತ್ರ, ರಸಾಯನಶಾಸ್ತ್ರದವರಿಗೆ “ಒಬ್ಬಾಕಿ ವಿದ್ಯಾರ್ಥಿ ಬಂದಾಳ” ಎಂದಷ್ಟೇ ಹೇಳಿದರು. ರಸಾಯನಶಾಸ್ತ್ರದವರು ಬೆಚ್ಚಿ ಚಹಾ ಚೆಲ್ಲಿಕೊಂಡರಂತೆ. ಆದರೂ ಎದ್ದರು. ಬೋಳುತಲೆಯನ್ನು ನೇವರಿಸಿಕೊಳ್ಳುತ್ತ, ಮದುವೆಗೆ ಹೊರಟವರಂತೆ ಹೋದರು.

ಡಿಸೆಂಬರಿನಲ್ಲಿ ಒಂದು ವಿಚಿತ್ರವಾಯಿತು. ಹೇಗಿದ್ದರೂ ಖಾಲಿಯಲ್ಲವೇ ಎಂದು ಕಾಲೇಜು ತನ್ನ ಕೋಣೆಗಳನ್ನು ಅದೇ ಕೋಚಿಂಗಿನವರ ಅಣಕು ಪರೀಕ್ಷೆಗೆ ಕೊಟ್ಟಿತು. ಹದಿನಾಲ್ಕನೇ ಕೋಣೆಯೂ ಹೋಯಿತು. ಮನೋರಮಾ ಪ್ರಾಂಶುಪಾಲರೊಡನೆ ಜಗಳವಾಡಲಿಲ್ಲ. ದತ್ತುವಿಗೆ ಹೇಳಿ ಒಂದು ಸಣ್ಣ ಹಲಗೆ ಹೊರಿಸಿಕೊಂಡು ಸೈಕಲ್ ಸ್ಟ್ಯಾಂಡಿಗೆ ನಡೆದರು.

ಮಗಳು ಮರೆತ ಡಬ್ಬಿ ಕೊಡಲು ಸುಧಾಕರರು ಬಂದದ್ದು ಆಗಲೇ. ಪರೀಕ್ಷೆಯ ಹುಡುಗರು ನೂರಾರು ಜನ ಸ್ಟ್ಯಾಂಡಿನ ಮುಂದೆಯೇ ಹಾದುಹೋಗುತ್ತಿದ್ದರು. ಅವರಲ್ಲಿ ಅಕ್ಷಿತಾಳ ಹಳೆಯ ಬ್ಯಾಚಿನವರೂ ಇದ್ದರು. ಒಬ್ಬ “ಅಗ, ಪಂಕ್ಚರ್ ಕಾಢತೇಸ್ ಕಾ?” ಎಂದು ಕೂಗಿದ. ಪಂಕ್ಚರ್ ತೆಗೆಯುತ್ತಿದ್ದೀಯಾ ಎಂದು. ನಗು ಎದ್ದಿತು. ಅಕ್ಷಿತಾಳ ಕಿವಿ ಕೆಂಪಾಯಿತು. ತಲೆ ಮಾತ್ರ ನೋಟುಪುಸ್ತಕದಿಂದ ಏಳಲಿಲ್ಲ. ಹಲಗೆ ನಿಲ್ಲಿಸಲು ಮುಕ್ಕಾಲಿ ಇರಲಿಲ್ಲ. ಒರಗಿಸಿದ ಕಡೆಯಿಂದೆಲ್ಲ ಅದು ಜಾರುತ್ತಿತ್ತು.

ಸುಧಾಕರರಿಗೆ ಡಬ್ಬಿ ಕೊಟ್ಟು ಜಾರಿಕೊಳ್ಳುವ ಅವಕಾಶವಿತ್ತು. ಎರಡು ಹೆಜ್ಜೆ ಹಿಂದಕ್ಕೂ ಇಟ್ಟಿದ್ದರು. ಆಮೇಲೆ ಏನಾಯಿತೋ, ಡಬ್ಬಿಯನ್ನು ಒಂದು ಸೈಕಲ್ಲಿನ ಕ್ಯಾರಿಯರಿನ ಮೇಲಿಟ್ಟು, ಟೈಯನ್ನು ಅಂಗಿಯೊಳಗೆ ತುರುಕಿ, ಹಲಗೆಯನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿದು ನಿಂತರು. ಹಲಗೆಯ ಮೇಲೆ ತಲೆಯೂ ಕೆಳಗೆ ಬೂಟೂ ಕಾಣುತ್ತಿದ್ದವು. ಮನೋರಮಾ ಏನೂ ಆಶ್ಚರ್ಯಪಡದೆ ಬರೆಯತೊಡಗಿದರು.

“ಅಲುಗಾಡಬ್ಯಾಡ್ರಿ. ವಕ್ರರೇಖೆ ಅದ.”

ನಲವತ್ತೈದು ನಿಮಿಷ. ನಡುವೆ ವಾಳೂಜ್ ಶಾಖೆಯ ಗಿರಾಕಿಯೊಬ್ಬ, ಮಗನನ್ನು ಪರೀಕ್ಷೆಗೆ ಬಿಡಲು ಬಂದವನು, ಎದುರು ನಿಂತು ಕೈಮುಗಿದ. ಮರಳಿ ಮುಗಿಯಲು ಇವರಿಗೆ ಕೈ ಇರಲಿಲ್ಲ. ಸೀಮೆಸುಣ್ಣದ ಪುಡಿ ಮೂಗಿಗೆ ಹೋದರೂ ಸೀನದೆ, ಮಕ್ಕಳನ್ನು ಬಿಟ್ಟು ಹಿಂದಿರುಗುವವರ ನಗುವಿಗೂ ಜಗ್ಗದೆ ನಿಂತರು. ಜೀವನದಲ್ಲಿ ಮೊದಲ ಸಲ ಅವರ ಹೊಟ್ಟೆ ಒಂದು ಉಪಯೋಗಕ್ಕೆ ಬಂದಿತ್ತು: ಹಲಗೆಗೆ ಒಳ್ಳೆಯ ಆಸರೆ.

ಮಾರನೆಯ ದಿನವೂ ಹೋದರು. ಅಂದು ಸ್ಟ್ಯಾಂಡಿನ ಕಂಬದ ಮರೆಯಲ್ಲಿ ಇನ್ನೊಬ್ಬ ನಿಂತಿದ್ದ. ಅವನ ಕೊರಳಿನ ಗುರುತಿನ ಚೀಟಿಯ ನಂಬರನ್ನು ಆಗಲೇ ಓದಿದ್ದ ಮನೋರಮಾ ತಿರುಗದೆಯೇ ಅಂದರು:

“ಎಪ್ಪತ್ತೊಂದನೇ ನಂಬರ್, ಕಂಬಕ್ಕ ಹಾಜರಿ ಹಾಕಲ್ಲ ನಾ. ಮುಂದ ಬಾ.”

ಅವರ ಕನ್ನಡ ತಿಳಿಯದಿದ್ದರೂ ದನಿ ತಿಳಿದು ಮುಂದೆ ಬಂದವನು ಉತ್ಕರ್ಷ. ಅವನ ಮುಷ್ಟಿಯಲ್ಲಿ ಮೂರು ಬಿಲ್ಲೆಗಳಿದ್ದವು. ಹಲಗೆಯ ಹಿಂದಿನಿಂದ ಸುಧಾಕರರು ಕಣ್ಣು ಮಿಟುಕಿಸಿ, ಸುಧೀರನಿಗೆ ಹೇಳುವುದಿಲ್ಲವೆಂದು ಸನ್ನೆ ಮಾಡಿದರು. ಹೇಳಲೂ ಇಲ್ಲ. ಇಷ್ಟು ದೊಡ್ಡ ಗುಟ್ಟನ್ನು ಅವರು ಹೊಟ್ಟೆಯಲ್ಲಿ ಇಟ್ಟುಕೊಂಡದ್ದು ಅದೊಂದೇ ಸಲ.

ಜನವರಿಯ ಕೊನೆಗೆ ರಿಜಿಸ್ಟರಿನಲ್ಲಿ ದಿನಕ್ಕೆ ಐದು ನೀಲಿ ಗೀಟುಗಳಿದ್ದವು.

ಜೂನಿನಲ್ಲಿ ಫಲಿತಾಂಶಗಳು ಬಂದವು. ಉತ್ಕರ್ಷ ಪುಣೆಯ ದೊಡ್ಡ ಕಾಲೇಜಿಗೆ ಹೋದ. ಅವನ ಫೋಟೋ ಕೋಚಿಂಗಿನ ಜಾಹೀರಾತಿನ ಮೇಲೆ ಏರಿತು. ಅಕ್ಷಿತಾಳ ಫೋಟೋ ಎಲ್ಲಿಯೂ ಏರಲಿಲ್ಲ. ಗಣಿತಕ್ಕೆ ಎಂಬತ್ತಾರು, ಉಳಿದವು ಅದರ ಹಿಂದೆ ಮುಂದೆ, ಸಿಇಟಿಯಲ್ಲಿ ಇನ್ನೂರಕ್ಕೆ ನೂರ ಮೂವತ್ತೆಂಟು. ಪ್ರವೇಶದ ಎರಡನೆಯ ಸುತ್ತಿನ ಪಟ್ಟಿಯಲ್ಲಿ, ಸರ್ಕಾರಿ ಕಾಲೇಜು, ಮೆಕ್ಯಾನಿಕಲ್, ಕೆಳಗಿನಿಂದ ಆರನೆಯ ಹೆಸರು. ಸುಧಾಕರರು ಪಟ್ಟಿಯನ್ನು ಮೂರು ಸಲ ಓದಿ, ಮೂರು ಪ್ರತಿ ತೆಗೆಸಿಕೊಂಡರು.

ಪೇಢೆಯ ಡಬ್ಬಿ ಹಿಡಿದು ಅಪ್ಪ ಮಗಳು ಹದಿನಾಲ್ಕನೇ ಕೋಣೆಗೆ ಹೋದಾಗ ಹೊಸ ವರ್ಷದ ಹಾಜರಿ ನಡೆದಿತ್ತು. ಎಂಬತ್ತೆಂಟು ಹೆಸರು, ಮುಂದಿನ ಬೆಂಚಿನಲ್ಲಿ ಇಬ್ಬರು. ಅಕ್ಷಿತಾ ಕಾಲು ಮುಟ್ಟಿದಳು. ಮನೋರಮಾ ಅವಳ ಬೆನ್ನಿಗೆ ಸೀಮೆಸುಣ್ಣದ ಅಂಗೈಯಿಂದಲೇ ಒಂದು ಪೆಟ್ಟು ಕೊಟ್ಟರು. ಐದು ಬೆರಳೂ ಮೂಡಿದವು.

ಸುಧಾಕರರು ಪೇಢೆಯ ಡಬ್ಬಿ ತೆರೆದು ಮುಂದೆ ಹಿಡಿದರು. ಬ್ಯಾಂಕಿನಲ್ಲಿ ಈಗ ಪ್ರತಿಯೊಬ್ಬ ಪಾಲಕರೂ ಅವರನ್ನು ಒಂದೇ ಪ್ರಶ್ನೆ ಕೇಳುತ್ತಿದ್ದರು. ಅದನ್ನೇ ಇಲ್ಲಿ ಇಳಿಸಿದರು.

“ಮೇಡಂ, ಒಂದ ಮಾತು ಖರೇ ಹೇಳ್ರಿ. ಹನ್ನೆರಡನೇತ್ತಾ ಹುಡುಗರಿಗೆ ಟ್ಯೂಷನ್ ಬೇಕೋ, ಬ್ಯಾಡೋ?”

ಮನೋರಮಾ ಪೇಢೆ ಬಾಯಿಗೆ ಹಾಕಿಕೊಂಡು, ನಿಧಾನವಾಗಿ ತಿಂದು ಮುಗಿಸಿ, ರಿಜಿಸ್ಟರ್ ಮುಚ್ಚಿದರು.

“ಹುಡುಗರದು ಒಬ್ಬೊಬ್ಬರದು ಒಂದೊಂದು ಥರ ಇರ್ತದ್ರಿ, ಹೇಳಾಕ ಬರಲ್ಲ. ನಿಮಗ ಮಾತ್ರ ಬೇಕು. ಹ್ವಾದ ಜುಲೈದಾಗ ಕೊಟ್ಟ ಏಣಿ ಲೆಕ್ಕ ಇನ್ನಾ ತೋರಿಸಿಲ್ಲ.”