ನೂರ ಐವತ್ತೊಂದು ಮಣಿಗಳ ಹಾವುಮೀನು

ಬೆಳಗಿನ ಐದೂಕಾಲು. ಧಕ್ಕೆಗೆ ಬಂದು ನಿಂತ ಮೂರು ದೋಣಿಗಳಿಂದ ಮೀನು ಇಳಿಯುತ್ತಿದೆ. ಬೆಲೆ ಬಾಳುವುದೆಲ್ಲ ಹರಾಜು ಕಟ್ಟೆಯ ಕಡೆ ಓಡುತ್ತದೆ. ಉಳಿದದ್ದು, ಅಂದರೆ ಬೆರಳುದ್ದದ ಮರಿಗಳು, ಮುಳ್ಳುಮೀನು, ನಜ್ಜುಗುಜ್ಜಾದ ಏಡಿ, ಹೆಸರು ಗೊತ್ತಿಲ್ಲದ ನೂರೆಂಟು ಜೀವಗಳು, ಸಿಮೆಂಟಿನ ನೆಲದ ಮೇಲೆ ಮೊಣಕಾಲೆತ್ತರದ ರಾಶಿಯಾಗಿ ಬೀಳುತ್ತದೆ. ಏಳಕ್ಕೆ ಲಾರಿ ಬಂದು ಅದನ್ನು ಕೋಳಿ ಆಹಾರದ ಕಾರ್ಖಾನೆಗೆ ಸಾಗಿಸುತ್ತದೆ. ಅಷ್ಟರೊಳಗೆ ಆ ರಾಶಿಗೆ ಕೈಯಾಡಿಸುವವರು ಒಬ್ಬರೇ.

ಅವರಿಗೆ ಐವತ್ತೆರಡು ವರ್ಷ. ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಕುಕ್ಕರಗಾಲಿನಲ್ಲಿ ಕುಳಿತಿದ್ದಾರೆ. ಎಡಗೈ ರಾಶಿಯನ್ನು ಸರಿಸುತ್ತದೆ, ಬಲಗೈ ಹೆಕ್ಕುತ್ತದೆ. ಕೈಗವಸು ಹಾಕುವುದಿಲ್ಲವೇ ಎಂದು ಕೇಳಿದೆ. "ಗವಸು ಹಾಕ್ಕೊಂಡ್ರೆ ಕಣ್ಣಿಗೆ ಬಟ್ಟೆ ಕಟ್ಕೊಂಡ ಹಾಗೆ. ಲೋಳೆ ಎಷ್ಟಿದೆ, ಚರ್ಮ ದಪ್ಪವಾ ತೆಳುವಾ, ಅದೆಲ್ಲ ಬೆರಳಿಗೇ ಗೊತ್ತಾಗೋದು." ಉದ್ದಕ್ಕಿರುವ, ಹಾವಿನಂತಿರುವ ಮೀನು ಸಿಕ್ಕಾಗ ಮಾತ್ರ ಅದನ್ನು ಬಾಯಿಯಿಂದ ಬಾಲದವರೆಗೆ ಒಮ್ಮೆ ನೇವರಿಸಿ ಬಕೆಟ್ಟಿಗೆ ಹಾಕುತ್ತಾರೆ. ಹೀಗಾಗಿ ಧಕ್ಕೆಯವರು ಇಟ್ಟ ಹೆಸರು 'ಹಾವಕ್ಕ'. "ಮೊದಲು ಚೇಷ್ಟೆಗೆ ಕರೀತಿದ್ರು. ಈಗ ಮರ್ಯಾದೆಗೆ ಕರೀತಾರೆ. ನನಗೇನೂ ವ್ಯತ್ಯಾಸ ಗೊತ್ತಾಗಲ್ಲ" ಎಂದು ನಗುತ್ತಾರೆ.

ಎಂಟೂವರೆಗೆ ಅವರು ಕಡಲ ಜೀವಿಗಳ ಸಂಶೋಧನಾ ಕೇಂದ್ರದ ನೆಲಮಾಳಿಗೆಯಲ್ಲಿರುತ್ತಾರೆ. ಅಲ್ಲಿ ಕಬ್ಬಿಣದ ಕಪಾಟುಗಳಲ್ಲಿ ಎರಡು ಸಾವಿರದ ಮುನ್ನೂರು ಗಾಜಿನ ಭರಣಿಗಳಿವೆ. ಒಂದೊಂದರಲ್ಲೂ ಕೆಡದಂತೆ ದ್ರಾವಣದಲ್ಲಿ ಮುಳುಗಿಸಿಟ್ಟ ಮೀನು. ದೂಳು ಒರೆಸುವುದು, ಇಳಿದ ದ್ರಾವಣ ತುಂಬುವುದು, ಮಾಸಿದ ಚೀಟಿ ಬದಲಿಸುವುದು ಅವರ ಕೆಲಸ. ದಿನಕ್ಕೆ ಎಪ್ಪತ್ತು ಭರಣಿ. ಕಡತದಲ್ಲಿ ಅವರ ಹುದ್ದೆ ಇವತ್ತಿಗೂ 'ಸ್ವಚ್ಛತಾ ಸಹಾಯಕಿ'.

ಓದಿದ್ದು ಏಳನೇ ತರಗತಿ. ಹನ್ನೊಂದು ವರ್ಷ ಸಿಗಡಿ ಸುಲಿಯುವ ಶೆಡ್ಡಿನಲ್ಲಿ ದುಡಿದರು. ಅಲ್ಲಿ ಮಂಜುಗಡ್ಡೆಯ ನೀರಿಗೆ ಅಂಗೈ ಒಡೆದು ರಕ್ತ ಬರತೊಡಗಿದಾಗ ಈ ಕೆಲಸ ಹಿಡಿದರು. ಭರಣಿಯ ಇಂಗ್ಲಿಷ್ ಚೀಟಿಗಳನ್ನು ಅಕ್ಷರಕ್ಕೆ ಅಕ್ಷರ ನಕಲು ಮಾಡುತ್ತಲೇ ಆ ಹೆಸರುಗಳನ್ನು ಓದಲು ಕಲಿತರು. ಅರ್ಥವಾಗದ ಹೆಸರಿನ ಎದುರು ಮೀನಿನ ಚಿತ್ರ ಬರೆದುಕೊಳ್ಳುತ್ತಿದ್ದರು. ಅಂಥ ನೋಟ್‌ಬುಕ್ಕುಗಳು ಹದಿನಾರಾಗಿವೆ. ಅತ್ತೆಗೆ ಇದು ಇನ್ನೂ ಸೋಜಿಗ. "ಸೊಸೆಯಾಗಿ ಬಂದಾಗ ಎರೆಹುಳ ಕಂಡ್ರೂ ನನ್ನ ಹಿಂದೆ ಅಡಗ್ತಿದ್ಲು. ಈಗ ನೋಡಿ, ಹಾವಿನ ಸಂಸಾರನೇ ಸಾಕ್ತಾಳೆ" ಎನ್ನುತ್ತಾರೆ ಆ ಹಿರಿಯಾಕೆ.

ಒಂಬತ್ತು ವರ್ಷದ ಹಿಂದೆ ರಾಶಿಯಲ್ಲಿ ಒಂದೂವರೆ ಗೇಣುದ್ದದ ಕಂದು ಹಾವುಮೀನು ಸಿಕ್ಕಿತು. ತೀರಾ ಸಾಮಾನ್ಯವಾದ ಜಾತಿ ಎಂದೇ ಯಾರಾದರೂ ಹೇಳುವಂಥದ್ದು. ಇವರು ಅದನ್ನು ತಂದು ಅದೇ ಜಾತಿಯ ಭರಣಿಯ ಪಕ್ಕ ಇಟ್ಟು ನೋಡಿದರು. ಹೊಸದರ ಬೆನ್ನಿನ ಈಜುರೆಕ್ಕೆ ಒಂದು ಬೆರಳಿನಷ್ಟು ಹಿಂದಿನಿಂದ ಶುರುವಾಗುತ್ತಿತ್ತು. ವಿಭಾಗದ ಹಿರಿಯ ವಿಜ್ಞಾನಿಗೆ ತೋರಿಸಿದರು.

"ಏನಮ್ಮಾ, ನಮ್ಮ ನಿಮ್ಮ ಮೂಗು ಒಂದೇ ಥರ ಇದೆಯಾ? ಮೀನಿಗೂ ಹಾಗೇ" ಎಂದು ಅವರು ತಳ್ಳಿಹಾಕಿದರು.

ಹಾವಕ್ಕ ವಾದಕ್ಕಿಳಿಯಲಿಲ್ಲ. ಬೆನ್ನುಮೂಳೆಯ ಮಣಿಗಳನ್ನು ಎಣಿಸಿದರೆ ಜಾತಿ ತಿಳಿಯುತ್ತದೆ ಎಂಬುದು ಅದೇ ಕೋಣೆಯಲ್ಲಿ ಕಿವಿಗೆ ಬಿದ್ದಿತ್ತು. ಕೇಂದ್ರದ ಎಕ್ಸ್‌ರೇ ಯಂತ್ರ ಕೆಟ್ಟು ಕೂತಿತ್ತು. ಊಟದ ಬಿಡುವಿನಲ್ಲಿ ಮೀನನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಹತ್ತಿರದ ಪಶು ಆಸ್ಪತ್ರೆಗೆ ನಡೆದರು. ನಾಯಿ ಬೆಕ್ಕುಗಳ ಸಾಲಿನಲ್ಲಿ ಮುಕ್ಕಾಲು ಗಂಟೆ ಕೂತರು. ಎಕ್ಸ್‌ರೇ ತೆಗೆಯುವವರು, "ಪೇಷೆಂಟ್ ಸತ್ತು ಹೋಗಿದೆಯಲ್ಲಮ್ಮಾ" ಎಂದರಂತೆ. "ಹೌದು, ಆದ್ರೂ ತೆಗೀರಿ" ಎಂದರಂತೆ ಇವರು.

ಫಿಲ್ಮನ್ನು ಕಿಟಕಿಗೆ ಅಂಟಿಸಿ ಗುಂಡುಸೂಜಿಯ ತುದಿಯಿಟ್ಟು ಎಣಿಸಿದರು. ಪುಸ್ತಕದ ಪ್ರಕಾರ ಆ ಜಾತಿಗೆ ನೂರಮೂವತ್ತೆರಡಕ್ಕಿಂತ ಹೆಚ್ಚು ಮಣಿ ಇರಬಾರದು. ಇದಕ್ಕೆ ನೂರ ಐವತ್ತೊಂದು. ಏಳು ಸಲ ಎಣಿಸಿದರೂ ಅಷ್ಟೇ. ಮಾರನೆ ದಿನ ವಿಜ್ಞಾನಿ ತಾವೇ ಎಣಿಸಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ತಪ್ಪು ನನ್ನದು" ಎಂದರು.

ಆದರೆ ಒಂದೇ ಮೀನು ಸಾಲದು, ಅದೊಂದೇ ಹಾಗಿದ್ದಿರಬಹುದು, ಇನ್ನೂ ಕೆಲವು ಬೇಕು ಎಂದೂ ಹೇಳಿದರು. ಆ ತಿಂಗಳೇ ನೆಲಮಾಳಿಗೆಗೆ ಬಣ್ಣ ಬಳಿಯಲು ಬಂದ ಕೆಲಸಗಾರರು ಭರಣಿಗಳನ್ನು ಅಂಗಳದ ಬಿಸಿಲಿಗೆ ಸಾಗಿಸಿದರು. ಯಾರದೋ ಕೈಯಲ್ಲಿ ಈ ಮೀನಿದ್ದ ಭರಣಿಯ ಮುಚ್ಚಳ ಸಡಿಲವಾಯಿತು. ನಾಲ್ಕು ದಿನದ ರಜೆ ಮುಗಿಸಿ ಹಾವಕ್ಕ ಬರುವಷ್ಟರಲ್ಲಿ ಭರಣಿಯೊಳಗೆ ಉಳಿದದ್ದು ಒಣಗಿ ಸುರುಟಿದ ಹಗ್ಗದಂಥ ಒಂದು ತುಂಡು.

"ಎರಡು ದಿನ ಅನ್ನ ಸೇರಲಿಲ್ಲ" ಎನ್ನುತ್ತಾರೆ. "ಮೂರನೇ ದಿನ ಯೋಚನೆ ಬಂತು. ಸಮುದ್ರ ಏನೂ ಒಣಗಿಲ್ವಲ್ಲ. ಅದರ ಅಣ್ಣತಮ್ಮಂದಿರು ಅಲ್ಲೇ ಇರ್ತಾರೆ. ಎದ್ದು ಧಕ್ಕೆಗೆ ಹೋದೆ."

ಹಾಗೆ ಹೋದದ್ದು ನಾಲ್ಕು ವರ್ಷ ಎರಡು ತಿಂಗಳು. ದೋಣಿಗಳು ಕಡಲಿಗಿಳಿಯದ ದಿನ ಬಿಟ್ಟರೆ ಒಂದು ಬೆಳಗನ್ನೂ ತಪ್ಪಿಸಲಿಲ್ಲ. ರಾಶಿ ಕೆದಕಿ ಹರಡುತ್ತಾರೆಂದು ಲಾರಿಯವರು ರೇಗಿದರು. ಮೀನಿನ ಲೋಳೆಯ ಮೇಲೆ ಜಾರಿ ಬಲ ಮಣಿಕಟ್ಟು ಮುರಿದಾಗ, ಬಲೆ ರಿಪೇರಿ ಮಾಡುವ ಗಂಡ, "ಇನ್ನು ಸಾಕು ಮಾಡು, ಯಾರು ಕೇಳ್ತಾರೆ ನಿನ್ನ?" ಎಂದರು. ಮರುದಿನ ಇವರು ಎಡಗೈಯಲ್ಲಿ ಹೆಕ್ಕಲು ಹೊರಟಾಗ, ಬಕೆಟ್ ಹೊತ್ತು ಹಿಂದೆ ನಡೆದವರೂ ಅವರೇ. "ತಡೆದ್ರೆ ನಿಲ್ಲೋ ಜಾತಿ ಅಲ್ಲ ಇದು" ಎನ್ನುತ್ತಾರೆ, ಹೆಂಡತಿಯ ಕಡೆ ಗದ್ದ ಎತ್ತಿ ತೋರಿಸಿ.

ಒಂದು ದೋಣಿಯ ಚುಕ್ಕಾಣಿ ಹಿಡಿಯುವಾತನನ್ನು ಹಾವಕ್ಕ ಕೂರಿಸಿ ವಿಚಾರಿಸಿದ್ದೇ ತಿರುವಾಯಿತು. ಆ ಮೊದಲ ಮೀನು ಬಂದದ್ದು ಅವನ ದೋಣಿಯಲ್ಲಿ. ಆ ವಾರ ಬಲೆ ಎಳೆದದ್ದು ಎಲ್ಲಿ? ದೂರದ ಆಳದಲ್ಲಿ, ಕಪ್ಪು ಕೆಸರಿನ ತಳದಲ್ಲಿ ಎಂದು ಅವನಿಗೆ ನೆನಪಿತ್ತು, ಏಕೆಂದರೆ ಬಲೆ ತೊಳೆಯಲು ಅರ್ಧ ದಿನ ಹಿಡಿದಿತ್ತು. ಮತ್ತೆ ಅತ್ತ ಹೋದಾಗಲೆಲ್ಲ ಹಾವಿನಂಥದ್ದನ್ನು ಬೇರೆ ಬುಟ್ಟಿಗೆ ಹಾಕಿ ತರುವೆನೆಂದು ಒಪ್ಪಿಕೊಂಡ.

"ಏಳನೇ ಸಲ ಬುಟ್ಟಿ ಕೊಟ್ಟಾಗ ಅಕ್ಕ ಹಾಗೇ ನೆಲದ ಮೇಲೆ ಕೂತುಬಿಟ್ರು. ಹುಷಾರಿಲ್ವೇನೋ ಅಂತ ನಾನು ನೀರು ತರೋಕೆ ಓಡಿದೆ" ಎನ್ನುತ್ತಾನೆ ಆತ.

ಬುಟ್ಟಿಯಲ್ಲಿ ಮೂರಿದ್ದವು. ಎಣಿಸಿದರೆ ನೂರ ಐವತ್ತು, ನೂರ ಐವತ್ತೊಂದು, ನೂರ ಐವತ್ತೆರಡು.

ಸಂಶೋಧನಾ ಲೇಖನ ಸಿದ್ಧವಾಯಿತು. ಸ್ವಚ್ಛತಾ ಸಹಾಯಕಿಯ ಹೆಸರು ಲೇಖಕರ ಪಟ್ಟಿಯಲ್ಲಿ ಬರುವ ಪದ್ಧತಿಯಿಲ್ಲ, ಕೊನೆಯಲ್ಲಿ ಒಂದು ಸಾಲು ಕೃತಜ್ಞತೆ ಸಾಕು ಎಂದಿತು ಕಚೇರಿ. ವಿಜ್ಞಾನಿ ನಿವೃತ್ತಿಯ ಅಂಚಿನಲ್ಲಿದ್ದರು. "ಹಾಗಾದರೆ ನನ್ನ ಹೆಸರೂ ಬೇಡ" ಎಂದು ಹಸ್ತಪ್ರತಿಯನ್ನು ವಾಪಸ್ ತಂದರು. ಐದು ತಿಂಗಳು ಅದು ಅವರ ಮೇಜಿನ ಖಾನೆಯಲ್ಲೇ ಇತ್ತು. ಕೊನೆಗೆ ಕಚೇರಿಯೇ ಮಣಿಯಿತು. ಎರಡು ಹೆಸರುಗಳೂ ಪಕ್ಕಪಕ್ಕದಲ್ಲಿ ಅಚ್ಚಾದವು.

ಹೊಸ ಮೀನಿಗೆ ಇವರ ಹೆಸರನ್ನೇ ಇಡುವ ಮಾತೂ ಬಂದಿತ್ತು. ಬೇಡ ಎಂದವರು ಇವರೇ. "ಅದು ಇರೋದು ಕಪ್ಪು ಕೆಸರಲ್ಲಿ. ಕೆಸರಿನ ಹೆಸರಿಟ್ರೆ ಮುಂದೆ ಹುಡುಕೋರಿಗೆ ಎಲ್ಲಿ ಹುಡುಕ್ಬೇಕು ಅಂತ ಗೊತ್ತಾಗುತ್ತೆ. ನನ್ನ ಹೆಸರಿಟ್ರೆ ನಮ್ಮ ಮನೆಗೆ ಬರ್ತಾರೆ, ಮನೇಲೇನು ಸಿಗುತ್ತೆ?" ಹೆಸರು ಹಾಗೆಯೇ ಆಯಿತು.

ಆಮೇಲೆ ಇನ್ನೆರಡು ಅಪರೂಪದ ಮೀನುಗಳು ಈ ಕಡಲಲ್ಲಿಯೂ ಇವೆ ಎಂಬುದು ಇವರಿಂದಲೇ ದಾಖಲಾಯಿತು. ಸನ್ಮಾನ ಯಾವುದೂ ಆಗಿಲ್ಲ. ಬೇಕೇ ಎಂದು ಕೇಳಿದರೆ, ಶಾಲು ಹೊದ್ದು ರಾಶಿ ಕೆದಕಲಾಗುವುದಿಲ್ಲ ಎನ್ನುತ್ತಾರೆ.

ಮತ್ತೇನು ಬೇಕು? ಹಾವಕ್ಕ ಹೇಳುತ್ತಾರೆ: "ಇಷ್ಟು ವರ್ಷ ನೋಡಿದ್ದೆಲ್ಲ ಸತ್ತ ಮೀನೇ. ಭರಣಿಗೆ ಹಾಕಿದ ಮೇಲೆ ಬಣ್ಣನೂ ಹೋಗುತ್ತೆ. ಅದು ಈಜೋದನ್ನ ಒಂದು ಸಲ ನೋಡ್ಬೇಕು. ಅಷ್ಟು ಆಳದಿಂದ ಜೀವಂತ ಬರೋದು ಕಷ್ಟ ಅಂತಾರೆ ನಮ್ಮ ವಿಜ್ಞಾನಿ ಸರ್. ಕಷ್ಟ ಅಂದ್ರು, ಆಗಲ್ಲ ಅನ್ನಲಿಲ್ಲ. ದೋಣೀಲಿ ಒಂದು ದೊಡ್ಡ ಡ್ರಮ್ಮು ಇಡಿಸಿದ್ದೀನಿ. ಪ್ರತಿ ಸಲ ಹೊರಡೋ ಮೊದಲು ನಾನೇ ತೊಳೆದು ನೀರು ತುಂಬಿಸಿ ಕಳಿಸ್ತೀನಿ."