ಪಕ್ಕದ ಮನೆಯವರಿದ್ದಾಗಿನ ನೋವು

ಮಂಡಿ ಬದಲಿಸಿಕೊಂಡವರು ಆಪರೇಷನ್ ಆದ ಮೇಲೆ ಹೇಗಿದ್ದಾರೆಂದು ಅವರ ಬಾಯಿಂದಲೇ ಕೇಳಿ ಅಂಕ ಹಾಕುವುದು ನನ್ನ ಕೆಲಸ. ಎಕ್ಸ್‌ರೇಗೆ ಕಾಣದ್ದು ರೋಗಿಗೆ ಗೊತ್ತಿರುತ್ತದೆ ಅನ್ನೋದು ನಮ್ಮ ಡಾಕ್ಟರ ನಂಬಿಕೆ.

ತಾಳಗುಂದದ ಗಿರಿಜಮ್ಮನ ಎಕ್ಸ್‌ರೇ ಚೆನ್ನಾಗಿಯೇ ಇತ್ತು. ಆದರೆ ನಾನು ಹೋದಾಗ ಅವರು ಪಕ್ಕದ ಮನೆಯ ಶಾಂತಮ್ಮನ ಜೊತೆ ಕಟ್ಟೆ ಮೇಲೆ ಕೂತು ನರಳುತ್ತಿದ್ದರು.

"ಸೊನ್ನೆ ಅಂದ್ರೆ ನೋವೇ ಇಲ್ಲ, ಹತ್ತು ಅಂದ್ರೆ ತಡೆಯೋಕಾಗಲ್ಲ. ನಿಮ್ಮದು ಎಷ್ಟಮ್ಮಾ?"

"ಹತ್ತು ಬರ್ಕೊಳ್ರೀ."

"ರಾತ್ರಿ ನಿದ್ದೆ?"

"ಎಲ್ಲಿ ನಿದ್ದೆ ತಗೀರಿ!"

"ನಾ ಮೊದ್ಲೇ ಹೇಳಿದ್ದೆ, ಕಾಲು ಕೊಯ್ಸಬ್ಯಾಡ ಅಂತ" ಎಂದರು ಶಾಂತಮ್ಮ.

ಇಷ್ಟು ನೋವೆಂದರೆ ಒಳಗೆ ಕೀವಾಗಿರಬಹುದು, ಮಂಡಿ ಮತ್ತೆ ಬಿಚ್ಚಬೇಕಾಗಬಹುದು. ಡಾಕ್ಟರಿಗೆ ಹೇಳೋಣವೆಂದು ಫೋನ್ ತೆಗೆದೆ. ಅಷ್ಟರಲ್ಲಿ ಶಾಂತಮ್ಮ ಕುಂಟುತ್ತಾ ಮನೆಗೆ ಹೋದರು. ಗಿರಿಜಮ್ಮ ಸರಕ್ಕನೆ ಎದ್ದು ಬಂದು ನನ್ನ ಕೈ ಹಿಡಿದರು.

"ಫೋನ್ ಇಡ್ರೀ. ಸೊನ್ನೆ ಬರ್ಕೊಳ್ರೀ. ನಿನ್ನೆ ಮೆಕ್ಕೆಜೋಳದ ಹೊಲಕ್ಕೆ ನಡ್ಕೊಂಡೇ ಹೋಗಿ ಬಂದೀನಿ."

"ಮತ್ತೆ ಹತ್ತು ಅಂದ್ರಲ್ಲ!"

"ಆಕಿಗೂ ಮಂಡಿ ನೋವೈತ್ರೀ, ಮನೇಲಿ ಆಪರೇಷನ್ ಬ್ಯಾಡ ಅಂದಾರೆ. ಆಕಿ ಮುಂದೆ ನಾ ಆರಾಮದೀನಿ ಅಂತ ಮೆರೀಲೇನು?"

ಹೋದ ಜೀವ ಬಂದಂತಾಗಿ ಸೊನ್ನೆ ಹಾಕಿದೆ.

ಈಗ ಯಾವ ಊರಿಗೆ ಹೋದರೂ, ಪಕ್ಕದ ಮನೆಯವರು ಎದ್ದು ಹೋಗುವ ತನಕ ಕೊಟ್ಟಷ್ಟು ಟೀ ಕುಡಿಯುತ್ತಾ ಕೂತು, ಆಮೇಲೆ ನೋವಿನ ಪ್ರಶ್ನೆ ಕೇಳುತ್ತೇನೆ. ರೋಗಿಗಳ ನೋವು ಎಷ್ಟೋ ಕಡಿಮೆಯಾಗಿದೆ. ನನಗೆ ಮಾತ್ರ ಎದೆಯುರಿ ಶುರುವಾಗಿದೆ.