ಕೆಡಾದ ಕಲ್ಲುಗುಡಿಯ ಮುಂದೆ ಜಯಮ್ಮನವರು

ಎಣ್ಣೆಯ ಜಿಡ್ಡೇ ಇಲ್ಲದ ದೇವಸ್ಥಾನವನ್ನು ನಾನು ಮೊದಲು ನೋಡಿದ್ದು ಮಲೇಷ್ಯಾದಲ್ಲಿ. ನಮ್ಮಲ್ಲಿ ಮೂರ್ತಿ ಮುರಿದುಹೋದ ಗುಡಿಗೂ ಯಾರಾದರೂ ಬಂದು ಹೂವಿಟ್ಟು, ಕುಂಕುಮ ಹಚ್ಚಿ ಹೋಗಿರುತ್ತಾರೆ. ಉತ್ತರದ ಕೆಡಾ ರಾಜ್ಯದ ಬುಜಾಂಗ್ ಕಣಿವೆಯಲ್ಲಿ ಸಾವಿರ ವರ್ಷದಷ್ಟು ಹಳೆಯ ಕಲ್ಲುಗಳು ತೊಳೆದಿಟ್ಟ ಪಾತ್ರೆಗಳಂತಿದ್ದವು. ಸುತ್ತ ಕತ್ತರಿಸಿದ ಹುಲ್ಲು, ಪಕ್ಕದಲ್ಲಿ ಮ್ಯೂಸಿಯಂ. ಇಲ್ಲಿಯವರು ಇಂಥ ಪಾಳುಗುಡಿಗೆ ‘ಚಂಡಿ’ ಎನ್ನುತ್ತಾರೆ.

ನಾನು ಈ ದೇಶದ ನಿಲಾಯ್ ಎಂಬ ಊರಿಗೆ ಓದಲು ಬಂದವಳು. ಲಾಕ್‌ಡೌನಿನಲ್ಲಿ ಹಾಸ್ಟೆಲ್ ಮುಚ್ಚಿದಾಗ ಸುಬಾಂಗ್ ಜಯಾದಲ್ಲಿದ್ದ ಪರಿಚಯದ ಸುಧಾ ಅಕ್ಕ ತಮ್ಮ ಮನೆಯಲ್ಲಿ ಒಂದು ಕೋಣೆ ಬಿಟ್ಟುಕೊಟ್ಟರು. ಮಗಳ ಬಾಣಂತನಕ್ಕೆಂದು ಮೈಸೂರಿನಿಂದ ಬಂದಿದ್ದ ಅವರ ತಾಯಿ ಜಯಮ್ಮನವರೂ ವಿಮಾನಗಳು ನಿಂತು ಅಲ್ಲೇ ಉಳಿದಿದ್ದರು. ಎರಡನೇ ಅಲೆಯಲ್ಲಿ ಮೈಸೂರಿನಲ್ಲಿ ಜಯಮ್ಮನವರ ತಾಯಿ ತೀರಿಕೊಂಡರು. ಸಂಸ್ಕಾರವನ್ನು ಇವರು ಫೋನಿನಲ್ಲಿ ನೋಡಿದರು. ನಡುವೆ ಚಿತ್ರ ನಿಂತುಹೋಯಿತು. ಮದುವೆಯಾದ ಮಗಳಿಗೆ ಮೂರು ದಿನ, ಆಮೇಲೆ ತಲೆಗೆ ಸ್ನಾನ ಮಾಡಿದರೆ ಸೂತಕ ಕಳೆಯಿತು ಎಂದು ಪುರೋಹಿತರು ಹೇಳಿದರು. ಜಯಮ್ಮನವರು ಸ್ನಾನ ಮಾಡಿದರು. ಆದರೆ ಅಂದಿನಿಂದ ಒಮ್ಮೆಯೂ ದೇವರ ದೀಪ ಹಚ್ಚಲಿಲ್ಲ. ಹತ್ತಿರದ ತಮಿಳರ ಕೋವಿಲ್ ತೆರೆದ ಮೇಲೂ ಹೋಗಲಿಲ್ಲ. ಕಣ್ಣಾರೆ ನೋಡದ ಸಾವಿನ ಸೂತಕ ಕಳೆದಿದೆಯೆಂದು ಅವರಿಗೆ ನಂಬಿಕೆ ಬರಲಿಲ್ಲ.

ರಾಜ್ಯಗಳ ಗಡಿ ತೆರೆದಾಗ ಸುಧಾ ಅಕ್ಕ ಅವರನ್ನು ಎಲ್ಲಿಗಾದರೂ ಕರೆದೊಯ್ಯಬೇಕೆಂದರು. ಬುಜಾಂಗ್ ಕಣಿವೆಯ ಹೆಸರು ಹೇಳಿದವಳು ನಾನು. ಅದು ಮ್ಯೂಸಿಯಂ ಅಷ್ಟೇ ಎಂದು ಜಯಮ್ಮನವರಿಗೂ ಹೇಳಿದ್ದೆ.

ಬಾಗಿಲಲ್ಲಿ ಫೋನ್ ಸ್ಕ್ಯಾನ್ ಮಾಡಿಸಿ, ಹಣೆಗೆ ಜ್ವರ ನೋಡುವ ಯಂತ್ರ ಹಿಡಿಸಿಕೊಂಡು ಸುಧಾ ಅಕ್ಕನ ಮಗುವಿನೊಂದಿಗೆ ಮೂವರೂ ಒಳಗೆ ಹೋದೆವು. ಒಂದು ಪೀಠದ ಮುಂದೆ ಜಯಮ್ಮನವರು ನಿಂತರು. ಅಭಿಷೇಕದ ನೀರು ಹರಿದುಹೋಗಲು ಅದರಲ್ಲಿ ತೋಡು ಕೊರೆದಿದ್ದರು. ಅದನ್ನು ಬಗ್ಗಿ ನೋಡಿ ಮುಂದೆ ನಡೆದರು. ಹೊರಗೆ, ಚಂಡಿಯ ಮೆಟ್ಟಿಲ ಬುಡದಲ್ಲಿ ಮಾತ್ರ ಹಿಂದೆ ಸರಿದರು.

“ಮ್ಯೂಸಿಯಂ ಅಂದ್ಯಲ್ಲಮ್ಮ. ಇದು ಗುಡಿ.”

ಕಾವಲಿಗಿದ್ದ ತಮಿಳು ಮುದುಕ ಮಾಸ್ಕ್ ಕೆಳಗೆಳೆದು, “ಸಾಮಿ ಇಲ್ಲಮ್ಮಾ, ಮೇಲೆ ಪೋಂಗ ಲಾ” ಎಂದ. ದೇವರಿಲ್ಲ, ಹತ್ತಿಹೋಗಿ ಎಂಬ ಆಹ್ವಾನ. ಎಲ್ಲರೂ ಹತ್ತಿ ಫೋಟೋ ತೆಗೆಸಿಕೊಳ್ಳುತ್ತಾರೆ ಎಂದೂ ಸೇರಿಸಿದ.

“ದೇವರು ಎದ್ದು ಹೋದ್ರೆ ಮನೆ ಅವರದ್ದಲ್ವೇನಪ್ಪ?” ಎಂದು ಇವರು ಕನ್ನಡದಲ್ಲೇ ಕೇಳಿದರು. ಅವನಿಗೆ ಅರ್ಥವಾಯಿತೋ ಇಲ್ಲವೋ, ನಕ್ಕ.

ಮಗು ಹೊಸಬರನ್ನು ಕಂಡು ಅಳಲು ಶುರುಮಾಡಿತು. ಸುಧಾ ಅಕ್ಕ ಎತ್ತಿಕೊಂಡು ನೆರಳಿಗೆ ಹೋದರು. ಜಯಮ್ಮನವರು ನನ್ನ ಕಡೆ ತಿರುಗಿದರು.

“ನೀನು ಓದಿದೋಳು. ಹೇಳು, ನಂದು ಕಳೆದಿದೆಯಾ?”

ನನಗೆ ಸೂತಕದಲ್ಲಿ ನಂಬಿಕೆಯಿಲ್ಲ. ಆದ್ದರಿಂದಲೇ ಹೌದು ಎನ್ನುವುದು ಸುಲಭವಾಗಿತ್ತು. ಪುರೋಹಿತರು ಹೇಳಿದ್ದನ್ನು ಕೇಳಿಯೂ ಸಮಾಧಾನವಾಗದವರಿಗೆ ನನ್ನ ಸುಲಭದ ಮಾತನ್ನು ಕೊಡಲು ಮನಸ್ಸಾಗಲಿಲ್ಲ.

“ಗೊತ್ತಿಲ್ಲ ಆಂಟಿ,” ಎಂದೆ.

ಅವರು ತಲೆಯಾಡಿಸಿದರು. ಚಪ್ಪಲಿ ಬಿಟ್ಟರು. ನೆಲ ಸುಡುತ್ತದೆ ಎಂದು ಕಾವಲುಗಾರ ಕೈಸನ್ನೆ ಮಾಡಿದರೂ ಕೇಳದೆ, ಮೆಟ್ಟಿಲು ಮುಟ್ಟದೆ, ಹುಲ್ಲಿನ ಮೇಲೆ ಕಟ್ಟಡದ ಸುತ್ತ ಒಂದು ಪ್ರದಕ್ಷಿಣೆ ಬಂದರು. ಹಿಂಭಾಗದಲ್ಲಿ ಕಣ್ಮರೆಯಾದವರು ಸ್ವಲ್ಪ ಹೊತ್ತು ಬರಲೇ ಇಲ್ಲ. ನಾನು ಹೋಗಿ ನೋಡಲಿಲ್ಲ. ಬಂದಾಗ ಸೆರಗಿನಿಂದ ಮುಖ ಒರೆಸಿಕೊಂಡಿದ್ದರು, ಮಾಸ್ಕ್ ಕೈಯಲ್ಲಿತ್ತು.

“ಸುಧಾಗೆ ಹೇಳು, ನಾಳೆಯಿಂದ ದೀಪ ನಾನು ಹಚ್ತೀನಿ,” ಎಂದರು. “ಇಲ್ಲಿಗೆ ಇಷ್ಟು ಸಾಕು. ಗುಡಿ ಒಳಗೆ ಊರಿಗೆ ಹೋದ್ಮೇಲೆ ಹೋಗ್ತೀನಿ.”

ಊರು ಬಿಟ್ಟು ನಾನೂ ಇಲ್ಲೇ ಇದ್ದೇನೆ. ಇಲ್ಲಿಗೆ ಇಷ್ಟು, ಊರಿಗೆ ಇಷ್ಟು ಎಂದು ಹಾಗೆ ಪಾಲು ಮಾಡಿ ಹೇಳುವುದು ನನಗಿನ್ನೂ ಬಂದಿಲ್ಲ.